ಬಜ್ಪೆಯ ಗುಡ್ಡೆಯಲ್ಲಿ ಅಂಗಳದ ದೀಪ

ಬಂಧುಗಳ ಮನೆಗೆ ಹೋಗಿ ಬರುವುದನ್ನು ಪ್ರವಾಸವೆಂದು ಕರೆಯುವ ವಾಡಿಕೆ ನಮ್ಮಲ್ಲಿಲ್ಲ. ಆದರೂ ಕಳೆದ ಕಾರ್ತಿಕದಲ್ಲಿ ಬಜ್ಪೆಯ ಸಮೀಪದ ಅಕ್ಕನ ಮನೆಯಲ್ಲಿ ನಾವು ಕಳೆದ ಐದು ದಿನಗಳು, ಎಷ್ಟೋ ಸಲ ಕಂಡಿದ್ದ ಊರನ್ನೇ ಹೊಸದಾಗಿ ನೋಡುವಂತೆ ಮಾಡಿದುವು. ಆದುದರಿಂದ ಅದನ್ನು ಪ್ರವಾಸವೆಂದೇ ಎಣಿಸಿ ಬರೆಯಲು ಕುಳಿತಿದ್ದೇವೆ.

ಅಕ್ಕನ ಮಗ ಅಬುಧಾಬಿಯಲ್ಲಿ ಹದಿನೆಂಟು ವರ್ಷ ದುಡಿದು ಕಟ್ಟಿಸಿದ ಮನೆ ಅದು. ಗೃಹಪ್ರವೇಶಕ್ಕೆ ದಿನ ನಿಶ್ಚಯವಾಗಿತ್ತು. ಮಗನು ಮುನ್ನಾದಿನ ರಾತ್ರಿಯ ವಿಮಾನದಲ್ಲಿ ಬರುವವನು. ಭಾವನವರು ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಎಲ್ಲವನ್ನೂ ನೋಡಿಕೊಳ್ಳಬೇಕಾಗಿ ಬಂದುದರಿಂದ, "ಊಟಕ್ಕೆ ಬರುವ ನೆಂಟರಂತೆ ಬರಬೇಡಿ, ನಾಲ್ಕು ದಿನ ಮೊದಲೇ ಬನ್ನಿ, ಅಂಗಳದ ಕೆಲಸ ಎಲ್ಲಾ ಬಾಕಿ ಉಂಟು" ಎಂದು ಫೋನಿನಲ್ಲಿ ಆಜ್ಞೆಯನ್ನೇ ಮಾಡಿದ್ದಳು.

ಕುಂಬಳೆಯಲ್ಲಿ ಬೆಳಗಿನ ಗಾಡಿ ಹತ್ತಿದೆವು. ಶಿರಿಯ, ಉಪ್ಪಳ, ಮಂಜೇಶ್ವರ ಎಂದು ಒಂದೊಂದು ಹೊಳೆಯನ್ನು ದಾಟುವಾಗಲೂ ಎಡಗಡೆಯಲ್ಲಿ ತೆಂಗಿನ ಮರಗಳ ಸಂದಿನಿಂದ ಕಡಲಿನ ಕಡೆಯ ಬೆಳಕು ತೋರಿ ಮರೆಯಾಗುತ್ತಿತ್ತು. ರಾಜ್ಯದ ಗಡಿ ಎಲ್ಲಿ ದಾಟಿತೆಂಬುದು ಗಾಡಿಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ನಿಲ್ದಾಣದ ಫಲಕದಿಂದ ಮಲಯಾಳದ ಅಕ್ಷರಗಳು ಇಲ್ಲವಾದಾಗ, ಓಹೋ ದಾಟಿದೆವು, ಎಂದು ಊಹಿಸಬೇಕು ಅಷ್ಟೆ. ಉಳ್ಳಾಲದ ಆಚೆ ನೇತ್ರಾವತಿಯ ಉದ್ದನೆಯ ಸೇತುವೆ. ಮಂಗಳೂರಿನಲ್ಲಿ ಇಳಿದು ಸ್ಟೇಟ್‌ಬ್ಯಾಂಕಿನ ಬಳಿ ಕಟೀಲು ಬಸ್ಸು ಹಿಡಿದರೆ ಬೋಂದೆಲ್, ಕಾವೂರು ಕಳೆದು ಮರವೂರಿನಲ್ಲಿ ಫಲ್ಗುಣಿ ಹೊಳೆ. ಅದನ್ನು ದಾಟಿದೊಡನೆ ಬಸ್ಸು ಏದುಸಿರು ಬಿಡುತ್ತಾ ಗುಡ್ಡೆ ಏರತೊಡಗುತ್ತದೆ. ಮುರಕಲ್ಲಿನ ಕೆಂಪು ದರೆಗಳು, ಗೇರುಮರಗಳು, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ. ನಮ್ಮ ಬದಿಯಡ್ಕ, ಪೆರ್ಲದ ಕಡೆಯ ನೆಲವನ್ನೇ ತಂದಿಟ್ಟಂತಿದೆ.

ಹಾಗೆ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಗುಡ್ಡೆಯ ಮೇಲೆ ವಿಮಾನ ನಿಲ್ದಾಣ ಆರಂಭವಾದ 1951ರ ಡಿಸೆಂಬರ್ 25ರಂದು ಕಾಸರಗೋಡೂ ಬಜ್ಪೆಯೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ಅಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ಡಕೋಟ ವಿಮಾನದಲ್ಲಿ ಬಂದು ಇಲ್ಲಿ ಇಳಿದರು. ಆ ಮೇಲೆ ಐದು ವರ್ಷ ತುಂಬುವುದರೊಳಗೆ, 1956ರ ನವೆಂಬರ್ 1ರಂದು, ನಾವು ಕೇರಳಕ್ಕೆ ಸೇರಿದೆವು. ಬಜ್ಪೆ ಮೈಸೂರು ರಾಜ್ಯಕ್ಕೆ ಸೇರಿತು. ವಿಮಾನ ನಿಲ್ದಾಣ ಮಾತ್ರ ನಮ್ಮದಾಗಿಯೇ ಉಳಿಯಿತೆನ್ನಬೇಕು. ಇಲ್ಲಿಂದ ಕೊಲ್ಲಿ ದೇಶಗಳಿಗೆ ನೇರ ವಿಮಾನ ಆರಂಭವಾದ ಬಳಿಕ, ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಮನೆಮನೆಯವರು ಮಕ್ಕಳನ್ನು ಕಳುಹಿಸಲು, ಕರೆತರಲು ಬರುವ ಜಾಗ ಇದೇ ಆಯಿತು. ಕಣ್ಣೂರಿನಲ್ಲಿ 2018ರಲ್ಲಿ ವಿಮಾನ ನಿಲ್ದಾಣ ತೆರೆದರೂ ನಮ್ಮ ಕಡೆಯವರಿಗೆ ಹತ್ತಿರದ್ದು ಬಜ್ಪೆಯೇ.

ಇದು ಗುಡ್ಡೆಯ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣ. ಮೇಜಿನ ಮೇಲೆ ಪಟ್ಟಿಯೊಂದನ್ನು ಇಟ್ಟಂತೆ 2,450 ಮೀಟರ್ ಉದ್ದದ ರನ್‌ವೇ. ಅದರ ತುದಿಗಳಾಚೆ ಕಣಿವೆ. ಈ ಮಾತು ಬರೆಯುವಾಗ 2010ರ ಮೇ 22ರ ಬೆಳಗು ನೆನಪಾಗದಿರದು. ದುಬೈಯಿಂದ ಬಂದ ವಿಮಾನ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿ, ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು; ಬದುಕಿ ಬಂದವರು ಎಂಟೇ ಮಂದಿ. ಕಾಸರಗೋಡು ಜಿಲ್ಲೆಯ ಹಲವು ಮನೆಗಳ ಅಂಗಳದಲ್ಲಿ ಅಂದು ಸೂತಕವಾಯಿತು. ಆ ದುರಂತಕ್ಕೂ ಊರಿನ ಯಾವ ದೀಪಕ್ಕೂ ಸಂಬಂಧವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆಗ ಬೆಳಗಾಗಿತ್ತು. ತೀರ ಎತ್ತರದಲ್ಲಿ ಬಂದ ವಿಮಾನವನ್ನು ಮತ್ತೆ ಮೇಲೆತ್ತದೆ ಇಳಿಸಲು ಹೋದುದೇ ಕಾರಣವೆಂದು ವಿಚಾರಣೆಯಲ್ಲಿ ತಿಳಿದುಬಂತು. ಆದರೆ ಅಂದಿನಿಂದ ಬಜ್ಪೆಯ ಮೇಲೆ ಇಳಿಯುವ ಒಂದೊಂದು ವಿಮಾನವನ್ನೂ ನಮ್ಮ ಹೆಂಗಸರು ಚಕ್ರ ನೆಲ ಮುಟ್ಟುವ ತನಕ ಉಸಿರು ಬಿಗಿಹಿಡಿದೇ ನೋಡುತ್ತಾರೆ.

ಕೆಂಜಾರಿನಲ್ಲಿ ಬಸ್ಸು ಇಳಿದು, ಆಟೋ ಹಿಡಿದು, ಗುಡ್ಡೆಗಳ ನಡುವಿನ ಅಡ್ಡದಾರಿಯಲ್ಲಿ ಪೂರ್ವಕ್ಕೆ ಸುತ್ತಿಕೊಂಡು ಅಕ್ಕನ ಮನೆ ತಲುಪಿದೆವು. ರನ್‌ವೇಯ ತುದಿಯಿಂದ ಸುಮಾರು ಎರಡು ಕಿಲೋಮೀಟರ್ ದೂರದ ಇಳಿಜಾರು ಅದು. ಮನೆ ಚಂದವಾಗಿದೆ. ಮುಂದೆ ಜಗಲಿ, ಮುರಕಲ್ಲಿನ ಪಾಗಾರ, ಗೇಟಿನಿಂದ ಮನೆಯ ತನಕ ಏರಿಹೋಗುವ ನೇರವಾದ ದಾರಿ, ಮೂಲೆಯಲ್ಲಿ ಒಂದು ಸಣ್ಣ ಕೊಳ, ಭಾವನವರು ನೆಟ್ಟ ನಾಲ್ಕು ತೆಂಗು. ಕೈಕಾಲು ತೊಳೆದು ಬೆಲ್ಲ ನೀರು ಕುಡಿಯುವಷ್ಟರಲ್ಲಿ ಅಕ್ಕ ಒಂದು ದೊಡ್ಡ ಕಾಗದವನ್ನು ತಂದು ನಮ್ಮೆದುರು ಬಿಡಿಸಿದಳು. ಅಂಗಳದ ದೀಪಗಳ ನಕ್ಷೆ. ಪೇಟೆಯ ಗುತ್ತಿಗೆದಾರರೊಬ್ಬರು ಬರೆದುಕೊಟ್ಟದ್ದು.

ದಾರಿಯ ಎರಡು ಬದಿಗಳಲ್ಲಿ ಸಮಾನ ಅಂತರದಲ್ಲಿ ಎರಡು ಸಾಲು ಬಿಳಿಯ ದೀಪಗಳು. ಗೇಟಿನ ಮೇಲೆ ಹಸಿರು. ಕೊಳದ ಸುತ್ತ ನೀಲಿ. ತೆಂಗಿನ ಬುಡದಿಂದ ಕೊಡಿಯ ತನಕ ಬೆಳಕು ಚೆಲ್ಲುವ ಫ್ಲಡ್ ಲೈಟುಗಳು, ಎರಡಕ್ಕೆ ಕೆಂಪು, ಎರಡಕ್ಕೆ ಬಿಳಿ. ಗೃಹಪ್ರವೇಶದ ರಾತ್ರಿಗೆಂದು ವಿಶೇಷವಾಗಿ, ಆಕಾಶದಲ್ಲಿ ಸುತ್ತು ಹಾಕುವ ಒಂದು ಕೋಲುಬೆಳಕು.

"ಇಷ್ಟೆಲ್ಲ ಯಾಕೆ ಅಕ್ಕಾ? ಜಾತ್ರೆಯ ಗದ್ದೆಯಂತೆ ಆಗುವುದಿಲ್ಲವೆ?" ಎಂದು ನಾವು ನಗುತ್ತಲೇ ಕೇಳಿದೆವು.

ಅಕ್ಕ ನಗಲಿಲ್ಲ. "ಅವನು ಪ್ರತಿ ಸಲ ಬರುವಾಗಲೂ ವಿಮಾನ ನಮ್ಮ ತಲೆಯ ಮೇಲೆಯೇ ಹೋಗುತ್ತದೆ. ಕಿಟಿಕಿಯಿಂದ ಬಗ್ಗಿ ನೋಡಿದರೆ ಅಲ್ಲಿ ನನ್ನ ಮನೆ ಅಂತ ಅವನಿಗೆ ಗೊತ್ತಾಗಬೇಕು. ಅವನ ಅಪ್ಪ ಇದ್ದಿದ್ದರೆ ಗ್ಯಾಸ್‌ಲೈಟು ಹಿಡಿದುಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದರು" ಎಂದಳು.

ಇದಕ್ಕೆ ಏನು ಹೇಳುವುದು? ಹಿಂದೆ ತೋಟದ ದಾರಿಯಲ್ಲಿ ರಾತ್ರಿ ಬರುವವರಿಗೆ ಜಗಲಿಯಿಂದ ಸೂಟೆ ತೋರಿಸುತ್ತಿದ್ದವರು ನಮ್ಮ ಹಿರಿಯರು. ಬರುವ ದಾರಿ ಆಕಾಶಕ್ಕೆ ಹೋಯಿತೆಂದು ತಾಯಿಯ ಮನಸ್ಸು ಬದಲಾಗುವುದುಂಟೆ? ನಕ್ಷೆಯನ್ನು ಮಡಿಸಿಟ್ಟೆವು.

ಅದೇ ಸಂಜೆ ನೆರೆಮನೆಯ ಹಿರಿಯರೊಬ್ಬರು ಎಲೆಯಡಿಕೆಗೆ ಬಂದರು. ದೇಶದ ಬೇರೆ ಬೇರೆ ವಿಮಾನ ನಿಲ್ದಾಣಗಳಲ್ಲಿ ದೀಪಗಳ ಉಸ್ತುವಾರಿ ಮಾಡಿ ನಿವೃತ್ತರಾದವರು. ಜಗಲಿಯಲ್ಲಿ ಬಿದ್ದಿದ್ದ ನಕ್ಷೆಯನ್ನು ಕನ್ನಡಕ ಏರಿಸಿ ನೋಡಿ, ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ಅಕ್ಕಾ, ಬೇಸರ ಮಾಡಿಕೊಳ್ಳಬೇಡಿ. ಕತ್ತಲಾಗಲಿ, ನಮ್ಮ ತಾರಸಿಗೆ ಒಮ್ಮೆ ಬನ್ನಿ. ನೋಡಿದ ಮೇಲೆ ಮಾತನಾಡುವ" ಎಂದರು.

ಅವರ ಮನೆ ಇನ್ನೂ ಎತ್ತರದಲ್ಲಿದೆ. ತಾರಸಿಯ ಮೇಲೆ ನಿಂತಾಗ ಎದುರಿನ ಗುಡ್ಡೆಯ ನೆತ್ತಿಯಲ್ಲಿ ರನ್‌ವೇಯ ದೀಪಗಳು ಕಂಡುವು. ಎಷ್ಟೋ ಸಲ ಈ ನಿಲ್ದಾಣಕ್ಕೆ ಬಂದಿದ್ದರೂ ಕಾದುಕುಳಿತ ಕುರ್ಚಿಗಳ ಹೊರತು ಬೇರೇನನ್ನೂ ನೋಡಿರದ ನಮಗೆ ಅದು ಹೊಸ ನೋಟ. ಹಿರಿಯರು ಒಂದೊಂದಾಗಿ ಅರ್ಥ ಹೇಳಿದರು. ರನ್‌ವೇಯ ಎರಡು ಅಂಚುಗಳಲ್ಲಿ ಸಾಲಾಗಿರುವುದು ಬಿಳಿಯ ದೀಪ. ಇಳಿಯುವವನಿಗೆ ರನ್‌ವೇ ಆರಂಭವಾಗುವ ಹೊಸಿಲು ಹಸಿರು. ಅದು ಮುಗಿಯುವ ಎಲ್ಲೆ ಕೆಂಪು. ಇಳಿದ ಮೇಲೆ ವಿಮಾನ ನಿಧಾನವಾಗಿ ಸರಿಯುವ ದಾರಿಯ ಅಂಚಿಗೆ ನೀಲಿ. ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲು ಬೇರೆ ಇದೆ. ಸರಿಯಾದ ಇಳಿಜಾರಿನಲ್ಲಿ ಬರುವವನಿಗೆ ಅವುಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಾಣುತ್ತವೆ. ಹೆಚ್ಚು ಎತ್ತರದಲ್ಲಿದ್ದರೆ ನಾಲ್ಕೂ ಬಿಳಿ. ತೀರ ತಗ್ಗಿದರೆ ನಾಲ್ಕೂ ಕೆಂಪು. ರಾತ್ರಿಯಲ್ಲಿ ಚಾಲಕನಿಗೆ ನೆಲ ಕಾಣುವುದಿಲ್ಲ. ದೀಪಗಳ ಬಣ್ಣ, ಸಾಲು, ಅಂತರ ಇವುಗಳಿಂದಲೇ ಅವನು ನೆಲವನ್ನು ತಿಳಿಯಬೇಕು.

"ಈಗ ನಿಮ್ಮ ನಕ್ಷೆಯನ್ನು ನೆನಪಿಸಿಕೊಳ್ಳಿ" ಎಂದರು ಹಿರಿಯರು.

ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಬಿಳಿಯ ಎರಡು ನೇರ ಸಾಲು, ತುದಿಯಲ್ಲಿ ಹಸಿರು, ಪಕ್ಕದಲ್ಲಿ ನೀಲಿ, ಮರಗಳ ಮೇಲೆ ಎರಡು ಕೆಂಪು, ಎರಡು ಬಿಳಿ. ಗುತ್ತಿಗೆದಾರರು ತಿಳಿಯದೆಯೇ ಅಕ್ಕನ ಅಂಗಳದಲ್ಲಿ ಒಂದು ಚಿಕ್ಕ ರನ್‌ವೇಯನ್ನು ಬರೆದಿಟ್ಟಿದ್ದರು! ಅದೂ ಇಳಿಯುವ ವಿಮಾನದ ದಾರಿಯ ಕೆಳಗೆ.

ಆ ಚಿಕ್ಕ ಅಂಗಳವನ್ನು ಕಂಡು ದೊಡ್ಡ ವಿಮಾನ ಮೋಸಹೋಗುವುದೇ ಎಂಬ ಸಂಶಯ ವಾಚಕರಿಗೆ ಬರಬಹುದು, ನಮಗೂ ಬಂತು. ಹಿರಿಯರು ಲೆಕ್ಕ ಹೇಳಿದರು. ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತದೆ. ಆ ಲೆಕ್ಕಕ್ಕೆ ರನ್‌ವೇಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಅದು ರನ್‌ವೇಯ ಮಟ್ಟಕ್ಕಿಂತ ಸುಮಾರು ನೂರು ಮೀಟರ್ ಮಾತ್ರ ಮೇಲಿರುತ್ತದೆ. ಕೊನೆಯ ನಾಲ್ಕೂವರೆ ಕಿಲೋಮೀಟರನ್ನು ದಾಟಲು ದೊಡ್ಡ ವಿಮಾನಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಮೆ ಒಂದೇ ನಿಮಿಷ. ಚಾಲಕನಲ್ಲಿ ಯಂತ್ರಗಳಿವೆ, ಅಭ್ಯಾಸವಿದೆ. ಒಂದು ಮನೆಯ ದೀಪಕ್ಕೆ ಅವನು ಮರುಳಾಗಿ ಇಳಿದುಬಿಡುವುದಿಲ್ಲ. ಆದರೆ ಮಳೆಗಾಲದ ಇರುಳಿನಲ್ಲಿ, ಮೋಡದಿಂದ ಹೊರಬಂದ ಗಳಿಗೆಯಲ್ಲಿ, 'ಯಾವುದು ರನ್‌ವೇ?' ಎಂದು ಅವನು ಎರಡು ಕ್ಷಣ ಯೋಚಿಸುವಂತಾದರೆ, ಆ ಒಂದು ನಿಮಿಷದಲ್ಲಿ ಎರಡು ಕ್ಷಣವನ್ನು ನಾವು ಕದ್ದಂತಾಯಿತು. ಮೇಲ್ಮುಖವಾದ ಪ್ರಖರ ಬೆಳಕು ಕಣ್ಣಿಗೆ ಹೊಡೆದರೆ, ಕತ್ತಲಿಗೆ ಒಗ್ಗಿದ ಕಣ್ಣು ಮತ್ತೆ ಸರಿಹೋಗಲು ಇನ್ನಷ್ಟು ಹೊತ್ತು ಬೇಕು.

ಇದಕ್ಕೆ ನಿಯಮಗಳೂ ಇವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಾವಳಿಯ ಹದಿನಾಲ್ಕನೆಯ ಅನುಬಂಧದ ಪ್ರಕಾರ, ವಿಮಾನಗಳ ಸುರಕ್ಷತೆಗೆ ಅಪಾಯ ತರಬಹುದಾದ ನೆಲದ ದೀಪವನ್ನು ಆರಿಸಬೇಕು, ಮರೆಮಾಡಬೇಕು, ಇಲ್ಲವೆ ಬದಲಾಯಿಸಬೇಕು. ಗೊಂದಲ ಹುಟ್ಟಿಸುವ ಗುಣಗಳೆಂದು ಅದು ಹೆಸರಿಸುವುದು ಮೂರನ್ನು: ಬೆಳಕಿನ ತೀವ್ರತೆ, ದೀಪಗಳ ಜೋಡಣೆ, ಬಣ್ಣ. ಬಜ್ಪೆಯಂಥ ದೊಡ್ಡ ರನ್‌ವೇಯಾದರೆ ಎರಡು ತುದಿಗಳಿಂದಲೂ 4,500 ಮೀಟರ್ ದೂರದವರೆಗೆ, ನಡುಗೆರೆಯಿಂದ ಎರಡು ಪಕ್ಕಗಳಿಗೂ 750 ಮೀಟರ್ ಅಗಲದವರೆಗೆ ವಿಶೇಷ ಎಚ್ಚರಿಕೆ ಬೇಕೆಂದು ಅಳತೆಯನ್ನೂ ಕೊಟ್ಟಿದೆ. ಅಕ್ಕನ ಅಂಗಳ ಆ ಚೌಕದ ಒಳಗೇ ಬರುತ್ತದೆ. ನಮ್ಮ ದೇಶದ 1937ರ ವಿಮಾನ ನಿಯಮಗಳಲ್ಲಿಯೂ 'ಸುಳ್ಳು ದೀಪ'ಗಳನ್ನು ಕುರಿತು ಒಂದು ವಿಧಿ ಇದೆ. ಹಗಲಿನಲ್ಲಿ ಹಾವು ಅಲ್ಲದ್ದನ್ನು ಇರುಳಿನಲ್ಲಿ ಹಾವೆನಿಸುವ ಹಗ್ಗದಂತೆ, ದೀಪವೂ ಸುಳ್ಳು ಹೇಳಬಲ್ಲುದೆಂದು ಕಾನೂನು ಬರೆದವರಿಗೆ ಅಂದೇ ತೋಚಿತ್ತು.

ಅಕ್ಕ ಇಷ್ಟನ್ನೂ ಕೇಳುತ್ತಾ ತಾರಸಿಯ ಕಟ್ಟೆಗೆ ಒರಗಿ ನಿಂತಿದ್ದಳು. ಮೇಲೆ ವಿಮಾನವೊಂದು ಗುಡುಗುತ್ತಾ ಬಂದು, ಎದುರಿನ ಗುಡ್ಡೆಯ ದೀಪಗಳ ನಡುವೆ ಇಳಿದು, ಓಡಿ ನಿಂತಿತು. ಆಕೆ ಬಿಟ್ಟ ನಿಟ್ಟುಸಿರು ನಮಗೆ ಕೇಳಿಸಿತು.

"ಹಾಗಾದರೆ ನಾವು ಇಲ್ಲಿ ಕತ್ತಲೆಯಲ್ಲಿಯೇ ಕೂರಬೇಕೋ ರಾಯರೇ?" ಎಂದು ಕೇಳಿದಳು. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಸಿಟ್ಟು ನ್ಯಾಯವೇ. ಅಂಗಳಕ್ಕೆ ಬೆಳಕು ಬೇಡವೆನ್ನಲಾಗದು; ಮಳೆಗಾಲದಲ್ಲಿ ಹಾವು ಓಡಾಡುವ ಜಾಗ, ವಯಸ್ಸಾದವರು ನಡೆಯುವ ಮೆಟ್ಟಿಲು.

"ಕತ್ತಲೆ ಬೇಡ ಅಕ್ಕಾ. ಬೆಳಕು ಕಾಲಿಗೆ ಬೀಳಲಿ, ಆಕಾಶಕ್ಕೆ ಬೇಡ. ಅಷ್ಟೇ ವಿಷಯ" ಎಂದರು ಅವರು.

ಎಲ್ಲರೂ ದೀಪ ಆರಿಸಿ ಕುಳಿತರೂ ಚಾಲಕನಿಗೆ ಒಳ್ಳೆಯದಲ್ಲವೆಂಬುದನ್ನು ಅವರಿಂದಲೇ ತಿಳಿದೆವು. ಸುತ್ತ ಗಾಢಾಂಧಕಾರವಿದ್ದು ರನ್‌ವೇಯೊಂದೇ ಬೆಳಗುತ್ತಿದ್ದರೆ, ತಾನು ಇರುವುದಕ್ಕಿಂತ ಎತ್ತರದಲ್ಲಿದ್ದೇನೆಂಬ ಭ್ರಮೆ ಹುಟ್ಟಿ ವಿಮಾನವನ್ನು ತೀರ ಕೆಳಗೆ ತರುವ ಅಪಾಯವಿದೆಯಂತೆ. ಇಳಿಜಾರಿನಲ್ಲಿ ಓರೆಯಾಗಿ ಹೋಗುವ ದೀಪದ ಸಾಲು ಸುಳ್ಳು ದಿಗಂತವನ್ನು ತೋರಿಸುವುದೂ ಉಂಟು. ಊರಿನ ಸಾಮಾನ್ಯ ದೀಪಗಳು ಊರಿನಂತೆಯೇ, ಅಲ್ಲೊಂದು ಇಲ್ಲೊಂದು, ಮಂದವಾಗಿ ಕಂಡರೆ ಕೇಡಿಲ್ಲ. ಅವು ಬೇರೊಂದು ವಸ್ತುವಿನ ವೇಷ ಹಾಕಬಾರದು.

ಮರುದಿನ ಬೆಳಗ್ಗೆ ಊರಿನ ವಯರಿಂಗ್ ಹುಡುಗನನ್ನು ಕರೆಸಿದೆವು. ಚೂಟಿಯಾದ ಹುಡುಗ. ಹಿರಿಯರು ಹೇಳಿದ್ದನ್ನು ಅರೆಕ್ಷಣದಲ್ಲಿ ಹಿಡಿದುಕೊಂಡ. ನಕ್ಷೆಯ ಮೇಲೆ ಪೆನ್ಸಿಲಿನಿಂದ ಹೊಡೆಯುತ್ತಾ, ಬರೆಯುತ್ತಾ ನಾವೆಲ್ಲ ಸೇರಿ ಮಾಡಿದ ತಿದ್ದುಪಡಿಗಳನ್ನು, ವಿಮಾನ ನಿಲ್ದಾಣದ ಬಳಿ ಮನೆ ಕಟ್ಟುವ ಬಂಧುಗಳಿರುವ ವಾಚಕರ ಪ್ರಯೋಜನಕ್ಕಾಗಿ ಇಲ್ಲಿ ಹೇಳುತ್ತೇವೆ.

ಮೊದಲನೆಯದು ದಾರಿ. ಎರಡು ನೇರ ಸಾಲುಗಳನ್ನು ಕೈಬಿಟ್ಟು, ಒಂದೇ ಬದಿಯಲ್ಲಿ, ಗಿಡಗಳ ನಡುವೆ ಹೆಚ್ಚುಕಡಮೆ ಅಂತರದಲ್ಲಿ, ಆರು ದೀಪಗಳನ್ನು ಇರಿಸಿದೆವು. ಎತ್ತರ ಮೊಣಕಾಲಿನಷ್ಟು. ಪ್ರತಿಯೊಂದಕ್ಕೂ ಮೇಲೆ ತಟ್ಟೆಯಂಥ ಮುಚ್ಚಳ. ಬಲ್ಬು ಆ ಮುಚ್ಚಳದ ಒಳಗೆ ಅಡಗಿರಬೇಕು, ಪಕ್ಕದಿಂದ ನೋಡಿದರೆ ಅದರ ಉರಿ ಕಾಣಬಾರದು, ನೆಲದ ಮೇಲೆ ಬಿದ್ದ ಬೆಳಕು ಮಾತ್ರ ಕಾಣಬೇಕು. ಮೆಟ್ಟಿಲಿನ ಬಳಿ ಮಾತ್ರ ಒಂದು ದೀಪ ಹೆಚ್ಚು.

ಎರಡನೆಯದು ತೆಂಗಿನ ಮರ. ಕೆಳಗಿನಿಂದ ಮೇಲಕ್ಕೆ ಬಿಡುವ ಫ್ಲಡ್ ಲೈಟಿನ ಬೆಳಕಿನಲ್ಲಿ ಮರಕ್ಕೆ ತಾಗುವುದಕ್ಕಿಂತ ಗರಿಗಳ ಸಂದಿನಿಂದ ಆಕಾಶಕ್ಕೆ ಹೋಗುವುದೇ ಹೆಚ್ಚು. ಅವನ್ನು ತೆಗೆಸಿ, ಮನೆಯ ಸೂರಿನ ಅಂಚಿನಲ್ಲಿ ಕೆಳಮುಖವಾದ ಒಂದು ದೀಪವನ್ನು ಹಾಕಿದೆವು. ಅದರ ಬೆಳಕು ಹತ್ತಿರದ ತೆಂಗಿನ ಬುಡಕ್ಕೆ ಬೀಳುತ್ತದೆ. ಮರ ಅಲ್ಲಿದೆಯೆಂದು ತಿಳಿಯಲು ಅಷ್ಟು ಸಾಕು.

ಮೂರನೆಯದು ಬಣ್ಣ. ಕೆಂಪು, ಹಸಿರು, ನೀಲಿ ಮೂರನ್ನೂ ಬಿಟ್ಟೆವು. ಕಣ್ಣು ಕೋರೈಸುವ ಬೆಳ್ಳಗಿನ ಎಲ್‌ಇಡಿಯ ಬದಲು ಹಳೆಯ ಬಲ್ಬಿನಂತೆ ಕೆಂಬಣ್ಣ ಬೆರೆತ ಹಳದಿಯ ಮಂದ ದೀಪಗಳನ್ನು ಆರಿಸಿದೆವು. ಅವಕ್ಕೆ ಹುಳಹುಪ್ಪಟೆ ಮುತ್ತುವುದೂ ಕಡಮೆ. ಇದು ಬರಿಯ ಸೌಕರ್ಯದ ಮಾತಲ್ಲ. ಹುಳಗಳ ಹಿಂದೆ ಬಾವಲಿಗಳೂ ಇರುಳಿನ ಹಕ್ಕಿಗಳೂ ಬರುತ್ತವೆ, ಮತ್ತು ವಿಮಾನ ನಿಲ್ದಾಣದವರಿಗೆ ಹಕ್ಕಿಗಳ ಭಯ ದೀಪಗಳ ಭಯಕ್ಕಿಂತ ಚಿಕ್ಕದಲ್ಲ.

ನಾಲ್ಕನೆಯದು ನೀರು ಮತ್ತು ನೆಲ. ಗುತ್ತಿಗೆದಾರರು ದಾರಿಗೆ ಹೊಳಪಿನ ಬಿಳಿಯ ಹಾಸುಕಲ್ಲು ಸೂಚಿಸಿದ್ದರು. ನಮ್ಮ ಕರಾವಳಿಯಲ್ಲಿ ವರ್ಷದ ನಾಲ್ಕು ತಿಂಗಳು ನೆಲ ಒದ್ದೆ. ಒದ್ದೆಯಾದ ನುಣುಪು ಕಲ್ಲು ಕನ್ನಡಿಯಂತೆ. ಕೆಳಕ್ಕೆ ಬಿಟ್ಟ ಬೆಳಕನ್ನೂ ಮೇಲಕ್ಕೆ ಕಳುಹಿಸುತ್ತದೆ. ಒರಟಾದ ಮುರಕಲ್ಲೇ ಸಾಕೆಂದು ನಿಶ್ಚಯಿಸಿದೆವು. ಕೊಳದೊಳಗಿನ ದೀಪವನ್ನೂ ಕೈಬಿಟ್ಟೆವು. ಕೊಳಕ್ಕೆ ಚಂದ್ರನೇ ಸಾಕೆಂದು ಅಕ್ಕನೇ ಹೇಳಿದಳು.

ಐದನೆಯದು ಹೊತ್ತು. ರಾತ್ರಿ ಹತ್ತು ಗಂಟೆಗೆ ತಾವಾಗಿ ಆರುವಂತೆ ಗಡಿಯಾರದ ಸ್ವಿಚ್ಚು. ಮಿನುಗುವ ಮಾಲೆದೀಪ ಬೇಡ. ಗೃಹಪ್ರವೇಶದ ದಿನ ಬೇಕಾದರೆ ಜಗಲಿಯ ಒಳಗೆ, ಸೂರಿನ ಕೆಳಗೆ, ಮಿನುಗದೆ ಉರಿಯುವಂಥದು ಇರಲಿ. ಆಕಾಶಕ್ಕೆ ಬಿಡುವ ಕೋಲುಬೆಳಕಿಗೂ ಲೇಸರಿಗೂ ಇಂಥ ಜಾಗದಲ್ಲಿ ಸ್ಥಾನವೇ ಇಲ್ಲ. ದೀಪಾವಳಿಯಲ್ಲಿ ಮನೆಯೆದುರು ಕಟ್ಟುವ ನಮ್ಮ ಗೂಡುದೀಪ ಕಟ್ಟಿದಲ್ಲೇ ಇರುತ್ತದೆ, ಅದಕ್ಕೆ ತಕರಾರಿಲ್ಲ. ಈಚೆಗೆ ಪೇಟೆಯಲ್ಲಿ ಸಿಗುವ, ಬೆಂಕಿ ಹಚ್ಚಿ ಮೇಲಕ್ಕೆ ಹಾರಿಬಿಡುವ ಕಾಗದದ ದೀಪಗಳು ಮಾತ್ರ ಇಲ್ಲಿ ಸಲ್ಲವು.

ಇನ್ನೊಂದು ಮಾತನ್ನು ಹಿರಿಯರು ಒತ್ತಿ ಹೇಳಿದರು. ಗುಡ್ಡೆಯ ಮೇಲೆ ದೀಪದ ಕಂಬ ನಿಲ್ಲಿಸುವಾಗ ಕಂಬದ ಎತ್ತರವನ್ನು ನಮ್ಮ ಅಂಗಳದಿಂದ ಎಣಿಸಿದರೆ ಸಾಲದು. ಸಮುದ್ರ ಮಟ್ಟದಿಂದ ಎಣಿಸಬೇಕು. ವಿಮಾನ ನಿಲ್ದಾಣಗಳ ಸುತ್ತ ಕಟ್ಟಡ, ಕಂಬ, ಮರ ಎಷ್ಟು ಎತ್ತರವಿರಬಹುದೆಂಬುದಕ್ಕೆ 2015ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಸಂಶಯವಿದ್ದರೆ ಹಣ ಕೊಡುವ ಮೊದಲು ನಕ್ಷೆಯನ್ನಿಟ್ಟು ವಿಮಾನ ನಿಲ್ದಾಣದ ಕಚೇರಿಗೆ ಒಂದು ಪತ್ರ ಬರೆದು ಕೇಳುವುದು ಒಳ್ಳೆಯದು. ಕೊಟ್ಟ ಮೇಲೆ ಕೇಳಿದರೆ ಕಿತ್ತುಹಾಕುವ ಖರ್ಚೂ ನಮ್ಮದೇ.

ಖರ್ಚಿನ ಮಾತು ಬಂದುದರಿಂದ ಹೇಳುತ್ತೇವೆ. ಗುತ್ತಿಗೆದಾರರಿಗೆ ಕೊಟ್ಟ ಮುಂಗಡ ತಿರುಗಿ ಬರಲಿಲ್ಲ. ಆದರೂ ದೀಪಗಳ ಸಂಖ್ಯೆ ಅರ್ಧಕ್ಕಿಂತ ಕಡಮೆಯಾದುದರಿಂದ ಕೊನೆಯ ಲೆಕ್ಕದಲ್ಲಿ ಅಕ್ಕನಿಗೆ ಉಳಿತಾಯವೇ ಆಯಿತು. ಅಬುಧಾಬಿಗೆ ಫೋನು ಮಾಡಿ ಎಲ್ಲವನ್ನೂ ವಿವರಿಸಿದಾಗ ಅಳಿಯ, "ನೀವು ನೋಡಿ ಮಾಡಿದ್ದೇ ಸರಿ" ಎಂದುಬಿಟ್ಟ.

ಅಕ್ಕನಿಗೆ ಮಾತ್ರ ಪೂರ್ತಿ ಸಮಾಧಾನವಾಗಿರಲಿಲ್ಲವೆಂಬುದು ನಮಗೆ ತಿಳಿಯುತ್ತಿತ್ತು. ಮೂರನೆಯ ಸಂಜೆ ದೀಪಗಳನ್ನು ಮೊದಲ ಸಲ ಉರಿಸಿದಾಗ ಅಂಗಳ ನಿಜವಾಗಿಯೂ ಸೊಗಸಾಗಿ ಕಂಡಿತು. ಕೇಪಳದ ಗಿಡಗಳ ಬುಡದಲ್ಲಿ ಬೆಳಕಿನ ಸಣ್ಣ ಸಣ್ಣ ಮಡುಗಳು, ನಡುವೆ ಮೆತ್ತಗಿನ ಕತ್ತಲೆ, ಮೇಲೆ ನೋಡಿದರೆ ಪೇಟೆಯಲ್ಲಿ ಎಂದೂ ಕಾಣದಷ್ಟು ನಕ್ಷತ್ರಗಳು. ಆದರೆ ಆಕೆ ಗೇಟಿನ ತನಕ ಹೋಗಿ, ತಿರುಗಿ ನಿಂತು, ತಲೆಯೆತ್ತಿ ಆಕಾಶವನ್ನೂ ತಲೆ ತಗ್ಗಿಸಿ ಅಂಗಳವನ್ನೂ ಎರಡು ಮೂರು ಸಲ ನೋಡಿದಳು. ಮೇಲಿನಿಂದ ಇದು ಕಾಣದೆಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ತುಳಸಿಕಟ್ಟೆಯ ಬಳಿಗೆ ಬಂದು ಹಣತೆ ಹಚ್ಚಿದಳು. ಎಣ್ಣೆಯ ದೀಪ. ಗಾಳಿಗೆ ಆರದಂತೆ ಗೂಡಿನೊಳಗೆ ಇಟ್ಟಳು. "ಇದಕ್ಕೆ ಅಡ್ಡಿ ಇಲ್ಲವಷ್ಟೆ?" ಎಂದು ನೆರೆಯ ಹಿರಿಯರನ್ನು ಕೇಳಿದಳು.

"ಇದಕ್ಕೆ ಯಾವ ನಿಯಮವೂ ಇಲ್ಲ ಅಕ್ಕಾ" ಎಂದರು ಅವರು.

ಮಗ ಬರುವ ರಾತ್ರಿ ಕರೆತರಲು ವಯರಿಂಗ್ ಹುಡುಗನೇ ಕಾರು ತೆಗೆದುಕೊಂಡು ಹೋದನು. ಅಡುಗೆಯವರು ಬಂದಿಳಿದಿದ್ದರು, ಕೊಟ್ಟಿಗೆಯ ಬದಿಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು. ಹತ್ತು ಗಂಟೆಗೆ ಅಂಗಳದ ದೀಪಗಳು ತಾವಾಗಿ ಆರಿದುವು. ನಾವು ಅಕ್ಕನ ಜೊತೆ ಜಗಲಿಯ ಕಟ್ಟೆಯಲ್ಲಿ ಕುಳಿತಿದ್ದೆವು. ಬಹಳ ಹೊತ್ತಿನ ಬಳಿಕ ಪೂರ್ವದ ಗುಡ್ಡೆಗಳ ಮೇಲೆ ಒಂದು ಬೆಳಕು ಕಾಣಿಸಿತು. ಅದು ಬೆಳೆಯುತ್ತಾ, ಸದ್ದಾಗುತ್ತಾ ಬಂದು, ತೆಂಗಿನ ಗರಿಗಳನ್ನು ಒಂದು ಕ್ಷಣ ಬೆಳಗಿ, ನಮ್ಮ ತಲೆಯ ಮೇಲಿನಿಂದ ದಾಟಿಹೋಯಿತು. ಅಕ್ಕ ಎದ್ದು ನಿಂತಳು. ಕೈ ಬೀಸಲಿಲ್ಲ, ಮಾತಾಡಲಿಲ್ಲ. ಎದುರಿನ ಗುಡ್ಡೆಯ ಆಚೆ ಸದ್ದು ತಗ್ಗಿ, ಮತ್ತೆ ಒಮ್ಮೆ ಗಟ್ಟಿಯಾಗಿ, ನಿಂತುಹೋಗುವ ತನಕ ಹಾಗೆಯೇ ನಿಂತಿದ್ದಳು.

ಒಂದು ಗಂಟೆಯ ಮೇಲೆ ಕಾರು ಬಂತು. ಅಳಿಯ ಇಳಿದು ತಾಯಿಯ ಕಾಲು ಮುಟ್ಟಿದ. ಪೆಟ್ಟಿಗೆಗಳನ್ನು ಇಳಿಸುವ ಗದ್ದಲದ ನಡುವೆಯೇ ಅಕ್ಕ ಕೇಳಿಬಿಟ್ಟಳು: "ಮೇಲಿನಿಂದ ಮನೆ ಕಂಡಿತೋ ಮಗಾ?"

ಅವನು ಸಂಕೋಚದಿಂದ ತಲೆ ಕೆರೆದುಕೊಂಡ. "ಇಲ್ಲಮ್ಮ. ಎರಡು ದಿನದಿಂದ ಕೆಲಸ ಹೆಚ್ಚಾಗಿತ್ತು. ವಿಮಾನದಲ್ಲಿ ಕೂತವನಿಗೆ ನಿದ್ದೆ. ಚಕ್ರ ನೆಲಕ್ಕೆ ತಾಗಿದ ಮೇಲೆಯೇ ಎಚ್ಚರ."

ನಾವು ಅಕ್ಕನ ಮುಖವನ್ನು ನೋಡಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಜೋರಾಗಿ ನಕ್ಕಳು.

"ನಿನಗೆ ಎಚ್ಚರವಾಗದ ಹಾಗೆ ಇಳಿಸಿದರಲ್ಲ, ಅಷ್ಟು ಸಾಕು" ಎಂದಳು. ಮಗನ ಕೈಚೀಲವನ್ನು ತಾನೇ ಎತ್ತಿಕೊಂಡು, ತುಳಸಿಕಟ್ಟೆಯ ದೀಪಕ್ಕೆ ಇನ್ನೊಂದು ಚಮಚ ಎಣ್ಣೆ ಹೊಯ್ಯಲು ನಮಗೆ ಹೇಳಿ, ಒಳಗೆ ನಡೆದಳು.